ರಕ್ತಕ್ಕಿಳಿದ ಬಟ್ಟಲು

ಅಂಗಡಿಯ ಮೇಲಿನ ಕೋಣೆ,
ನವೆಂಬರ್ ೧೧, ಮಧ್ಯಾಹ್ನ

ಪ್ರೀತಿಯ ಅಣ್ಣಾ,

ಹತ್ತು ನಿಮಿಷ ಮೊದಲು ಹುಟ್ಟಿದ ಒಂದೇ ಕಾರಣಕ್ಕೆ ನಿನ್ನನ್ನು ಅಣ್ಣ ಎನ್ನಬೇಕಾಗಿ ಬಂದದ್ದು ಚಿಕ್ಕಂದಿನಿಂದಲೂ ನನಗೆ ಒಪ್ಪಿಗೆಯಾಗಿಲ್ಲ. ಆದರೂ ಕಾಗದದಲ್ಲಿ ಬೇರೆ ಹೇಗೆ ಕರೆಯುವುದೋ ತಿಳಿಯದು. ಆರೋಗ್ಯವೇ ಎಂದು ಕೇಳಿ ಶುರುಮಾಡುವುದು ವಾಡಿಕೆ. ನಾನು ಕೇಳುವುದಿಲ್ಲ. ನೀನು ಆರೋಗ್ಯವಾಗಿದ್ದೀಯೆ, ಅದು ನನಗೆ ಗೊತ್ತು. ನಿನ್ನ ಮುಖ ನೋಡಿ ಮೂವತ್ತು ವರ್ಷವಾಗಿದೆ, ನಿನ್ನ ತಲೆಯಲ್ಲಿ ಕೂದಲು ಎಷ್ಟು ಉಳಿದಿದೆ ಎಂಬುದನ್ನು ನನ್ನ ಕನ್ನಡಿ ನೋಡಿಯೇ ಊಹಿಸಬೇಕು, ಆದರೆ ನಿನ್ನ ರಕ್ತದೊಳಗೆ ಏನಿದೆ, ಏನಿಲ್ಲ ಎನ್ನುವುದು ಈಗ ನನಗೆ ತಿಳಿದಿದೆ. ವಿಚಿತ್ರವಾದ ಸಲಿಗೆ ಇದು. ಜೊತೆಗಿದ್ದಾಗಲೂ ಇಷ್ಟು ಒಳಗೆ ಇಣುಕಿರಲಿಲ್ಲ.

ನಿನ್ನ ಮಗಳ ಆರೋಗ್ಯವನ್ನು ಮಾತ್ರ ಕೇಳುತ್ತೇನೆ. ನೀನು ಕಳಿಸಿದ ಒಂದೇ ಒಂದು ಕಾರ್ಡಿನಲ್ಲಿ ಬರೆದಿದ್ದೆ: ಮಗಳು ಹುಟ್ಟಿದ್ದಾಳೆ, ಇದು ನನ್ನ ವಿಳಾಸ, ಅಮ್ಮನಿಗೆ ಎರಡನ್ನೂ ಹೇಳಬೇಡ. ಹೇಳಿಲ್ಲ. ಕಾರ್ಡು ಹಿತ್ತಾಳೆಯ ತೂಕದ ಕಲ್ಲುಗಳ ಪೆಟ್ಟಿಗೆಯಲ್ಲಿ, ಮಖಮಲ್ಲಿನ ಕೆಳಗಿದೆ. ಈಗ ಅವಳು ಶಾಲೆಗೆ ಹೋಗುತ್ತಿರಬೇಕು. ಊಟದ ಮುಂದೆ ಕೂತರೆ ನಿನ್ನ ಹಾಗೆ ಸತಾಯಿಸುತ್ತಾಳೋ, ಕೊಟ್ಟದ್ದನ್ನು ನನ್ನ ಹಾಗೆ ಸುಮ್ಮನೆ ನುಂಗುತ್ತಾಳೋ? ಸುಮ್ಮನೆ ಕೇಳಿದ್ದಲ್ಲ. ಇವತ್ತು ನಾನು ಬರೆಯಬೇಕಾದದ್ದೆಲ್ಲ ಅದೇ. ಲಕೋಟೆಯ ಮೇಲೆ ವಿಳಾಸ ಬರೆದು, ಅದನ್ನು ಮುಂದಿಟ್ಟುಕೊಂಡು, ಆಮೇಲೆಯೇ ಕಾಗದ ಶುರುಮಾಡುವ ಅಭ್ಯಾಸ ಅಪ್ಪನದು, ನನಗೂ ಅಂಟಿದೆ. ನಿನಗೂ ಇದೆಯೇ? ಇದ್ದರೆ ವಂಶದ್ದು, ಇಲ್ಲದಿದ್ದರೆ ಈ ಮನೆಯದು. ಇತ್ತೀಚೆಗೆ ನನಗೆ ಎಲ್ಲವನ್ನೂ ಹೀಗೆ ಎರಡು ತಟ್ಟೆಗೆ ಹಾಕಿ ನೋಡುವ ಚಾಳಿ ಬಂದಿದೆ.

ಅಂಗಡಿ ನಡೆಯುತ್ತಿದೆ ಎನ್ನಬಹುದು. ತಕ್ಕಡಿ ರಿಪೇರಿಗೆ ಈಗ ಯಾರೂ ಬರುವುದಿಲ್ಲ. ಎಲ್ಲರದೂ ಬ್ಯಾಟರಿ ಹಾಕಿದ ಯಂತ್ರ, ಕೆಟ್ಟರೆ ಬಿಸಾಡುತ್ತಾರೆ. ಉಳಿದಿರುವುದು ಔಷಧದ ಅಂಗಡಿಗಳು, ಚಿನ್ನದ ಕೆಲಸದವರು, ಮತ್ತೆ ಊರಾಚೆಯ ಸಂಶೋಧನಾಲಯ. ಅಲ್ಲಿಯ ಸೂಕ್ಷ್ಮ ತಕ್ಕಡಿಗಳು ಗಾಜಿನ ಪೆಟ್ಟಿಗೆಯೊಳಗೆ ಕೂತಿರುತ್ತವೆ. ಉಸಿರು ತಾಗಿದರೂ ಅಂಕಿ ಅಲ್ಲಾಡುತ್ತದೆ. ವರ್ಷಕ್ಕೆರಡು ಸಲ ಹೋಗಿ, ನಮ್ಮ ಕಲ್ಲುಗಳನ್ನು ಚಿಮಟಿಗೆಯಲ್ಲಿ ಎತ್ತಿಟ್ಟು, ಸರಿಯಾಗಿದೆ ಎಂದು ಚೀಟಿ ಅಂಟಿಸಿ ಬರುತ್ತೇನೆ. ಅಲ್ಲಿಯ ಡಾಕ್ಟರಮ್ಮ ಒಬ್ಬರು, ಸದಾ ಸ್ವೆಟರಿನ ತೋಳು ಮಡಚಿಕೊಂಡೇ ಇರುವವರು, ನಾನು ಕೆಲಸ ಮಾಡುವಾಗ ಪಕ್ಕದಲ್ಲಿ ನಿಂತು ಹರಟುತ್ತಾರೆ. ಮಾತಿಗೆ ಮಾತು ಬಂದು, ಅಪ್ಪ ನಮ್ಮಿಬ್ಬರನ್ನೂ ಆಲೂಗಡ್ಡೆ ತೂಗುವ ತಕ್ಕಡಿಯ ಎರಡು ತಟ್ಟೆಗಳಲ್ಲಿ ಮಲಗಿಸಿದ ಕಥೆ ಹೇಳಿದೆ. ಮುಳ್ಳು ನಟ್ಟನಡುವೆ ನಿಂತಿತಂತಲ್ಲ, ಅದು. ಅವರು ಹರಟೆ ನಿಲ್ಲಿಸಿದರು.

"ಅವಳಿನಾ ನೀವು? ಪೂರ್ತಿ ಒಂದೇ ಥರ ಇದೀರಾ?"

"ಇದ್ವಿ," ಎಂದೆ.

ಆಮೇಲಿನದು ನಿನಗೆ ಗೊತ್ತು. ನಾನು ಕೊಟ್ಟ ವಿಳಾಸಕ್ಕೆ ಅವರು ನಿನಗೆ ಬರೆದರು, ನೀನು ಒಪ್ಪಿ ನಿನ್ನ ಊರಿನಲ್ಲೇ ರಕ್ತ ಕೊಟ್ಟೆ, ಫಲಿತಾಂಶವನ್ನು ಇಬ್ಬರಿಗೂ ಹೇಳಬಹುದೆಂದು ರುಜು ಹಾಕಿದೆ. ಯಾಕೆ ಒಪ್ಪಿದೆ ಎಂದು ನಾನು ತುಂಬ ಯೋಚಿಸಿದ್ದೇನೆ. ನಿನಗೂ ಈಗ ರಾತ್ರಿ ಎದೆಯ ಮೇಲೆ ಕೈ ಇಟ್ಟುಕೊಂಡು ಎಣಿಸುವ ಅಭ್ಯಾಸ ಬಂದಿರಬೇಕು. ಮುಂದಿನ ತಿಂಗಳು ನಮಗೆ ಅಪ್ಪ ಹೋದಾಗಿನ ವಯಸ್ಸು ತುಂಬುತ್ತದೆ. ತಾತನೂ ಹೆಚ್ಚುಕಮ್ಮಿ ಅದೇ ವಯಸ್ಸಿನಲ್ಲಿ ಅಂಗಡಿಯ ಗಲ್ಲಾಪೆಟ್ಟಿಗೆಯ ಮೇಲೆ ತಲೆಯಿಟ್ಟವನು ಎತ್ತಲಿಲ್ಲ. "ಈ ಮನೆ ಗಂಡಸರ ರಕ್ತಾನೇ ಹಂಗೆ" ಎಂದು ಅಜ್ಜಿ ಹೇಳುತ್ತಿದ್ದದ್ದು ನೀನು ಮರೆತಿರಲಾರೆ.

ಡಾಕ್ಟರಮ್ಮ ನನಗೆ ವಿವರಿಸಿದ್ದು ಹೀಗೆ. "ನಿಮ್ಮ ಕರುಳಲ್ಲಿ ಕೋಟಿಗಟ್ಟಲೆ ಬಾಡಿಗೆದಾರರು ಇದಾರೆ, ಕಣ್ಣಿಗೆ ಕಾಣದೋರು. ನೀವು ತಿಂದಿದ್ದನ್ನ ಅವರೂ ತಿಂತಾರೆ. ಅವರು ಅಡುಗೆ ಮಾಡಿದ ಹೊಗೆ ಗೋಡೆ ದಾಟಿ ನಿಮ್ಮ ರಕ್ತಕ್ಕೆ ಬರುತ್ತೆ. ಕೆಲವು ಒಳ್ಳೇ ಹೊಗೆ, ಕೆಲವು ಅಷ್ಟಕ್ಕಷ್ಟೆ. ಯಾವ ಬಾಡಿಗೆದಾರ ಇರ್ಬೇಕು, ಎಷ್ಟು ಹೊಗೆ ಎಬ್ಬಿಸ್ಬೇಕು ಅಂತ ತೀರ್ಮಾನ ಮಾಡೋದು ಅಪ್ಪ ಅಮ್ಮನಿಂದ ಬಂದ ವಂಶವೋ, ನಿಮ್ಮ ಅಡುಗೆಮನೆಯೋ? ನಮಗೆ ಬೇಕಾಗಿರೋದು ಅಷ್ಟೇ." ಆಮೇಲೆ ನನಗೆ ಖುಷಿಯಾಗಲೆಂದೋ ಏನೋ, ನಮ್ಮ ಕಸುಬಿನ ಮಾತನ್ನೇ ಎತ್ತಿಕೊಂಡರು: "ಒಂದೇ ಥರದ ಅವಳಿಗಳಲ್ಲಿ ವಂಶ ಎರಡು ತಟ್ಟೆಯಲ್ಲೂ ಒಂದೇ ತೂಕ. ಮುಳ್ಳು ವಾಲಿದ್ರೆ, ವಾಲಿಸಿದ್ದು ಬೇರೆ ಏನೋ."

ಮುಳ್ಳು ವಾಲಿದೆ, ಅಣ್ಣಾ. ಎಲ್ಲದರಲ್ಲೂ ಅಲ್ಲ. ಎಷ್ಟೋ ಪದಾರ್ಥಗಳಲ್ಲಿ ಇಷ್ಟು ವರ್ಷದ ಮೇಲೂ ನೀನೂ ನಾನೂ ಪಕ್ಕಪಕ್ಕದಲ್ಲೇ ಇದ್ದೇವೆ. ಅದನ್ನು ಇನ್ನೊಮ್ಮೆ ಹೇಳಿಸಿಕೊಂಡೆ. ಒಂದರಲ್ಲಿ ಮಾತ್ರ, ಉದ್ದ ಬಾಲದಂಥ ಹೆಸರು ಅದಕ್ಕೆ, ನನ್ನದು ಆಕಾಶದಲ್ಲಿದೆ, ನಿನ್ನದು ನೆಲದಲ್ಲಿದೆ. ಹೋಲಿಕೆಗಿರಲಿ ಎಂದು ನನ್ನ ಹೆಂಡತಿಯ ರಕ್ತವನ್ನೂ ತೆಗೆದಿದ್ದರು. ಅವಳದೂ ಆಕಾಶದಲ್ಲೇ.

"ನಿಮ್ಮ ಮನೆಯವರು ನಿಮಗೆ ಮೊದಲೇ ಸಂಬಂಧನಾ?" ಎಂದು ಕೇಳಿದರು ಡಾಕ್ಟರಮ್ಮ.

"ಇಲ್ಲ. ಬೇರೆ ಊರು, ಬೇರೆ ಜನ."

"ಈ ವಿಷಯದಲ್ಲಿ ನೀವೂ ಅವರೂ ಅವಳಿ. ನಿಮ್ಮ ಅಣ್ಣ ಯಾರೋ ದಾರಿಹೋಕ."

ನಕ್ಕೆವು. ಆಮೇಲೆ ಅವರು ನಗು ನಿಲ್ಲಿಸಿ, ಹೃದಯದ ಕಾಯಿಲೆಯವರಲ್ಲಿ ಈ ಪದಾರ್ಥ ಹೆಚ್ಚಾಗಿ ಸಿಗುತ್ತದೆ ಎಂದರು. "ಇದರಿಂದಲೇ ಕಾಯಿಲೆ ಅಂತ ನಾನು ಹೇಳ್ತಿಲ್ಲ, ನೆನಪಿಡಿ. ಜೊತೆಯಲ್ಲಿ ಸಿಗುತ್ತೆ. ಮನೇಲಿ ದಿನಾ ಏನು ತಿಂತೀರಿ?" ನಾನು ಬಟ್ಟಲಿನ ವಿಷಯ ಹೇಳಿದೆ. ಅವರು ಪೆನ್ನು ಕೆಳಗಿಟ್ಟರು.

"ದಿನಾನಾ?"

"ದಿನಾ."

"ಯಾವಾಗಿಂದ?"

"ಹಲ್ಲು ಬಂದಾಗಿಂದ."

ಬಟ್ಟಲಿಗೆ ಬೇರೆ ಹೆಸರೇ ಇಲ್ಲವೆಂಬುದನ್ನು ಹೊರಗಿನವರಿಗೆ ಹೇಳುವಾಗಲೇ ಗಮನಿಸಿದ್ದು. ಲಿವರ್ರೂ ಮೂಳೆಯೂ ರಾತ್ರಿಯಿಡೀ ಬೆಂದು, ಬೆಳಿಗ್ಗೆ ಅದಕ್ಕೆ ಮೊಟ್ಟೆಯ ಹಳದಿಗಳನ್ನು ಒಡೆದು ಹಾಕಿ ಕಡೆದ ಆ ಕಂದು ಬಣ್ಣದ ಗಟ್ಟಿ ದ್ರವಕ್ಕೆ ಮನೆಯಲ್ಲಿ ಯಾರೂ ಹೆಸರಿಟ್ಟಿಲ್ಲ. "ಬಟ್ಟಲು ಆಯ್ತಾ?" ಅಷ್ಟೆ. ತಾತನ ರಕ್ತ ಗಟ್ಟಿಯಾಗಲಿ ಎಂದು ಅಜ್ಜಿ ಶುರುಮಾಡಿದ್ದು. ಅಮ್ಮ ಈ ಮನೆಗೆ ಬಂದ ಮಾರನೆಯ ದಿನವೇ ಅವಳ ಕೈಗೆ ಸೌಟು ಬಂತು. ಕುಡಿದ ಮೇಲೆ ಬಟ್ಟಲನ್ನು ಮೇಜಿನ ಮೇಲೆ ಬೋರಲು ಹಾಕಬೇಕು, ಒಂದು ಹನಿ ಉಳಿದಿದ್ದರೂ ಮೇಜು ಹೇಳಿಬಿಡುತ್ತದೆ. ಈಗಲೂ ಹಾಗೆಯೇ. ಮೇಜಿನ ಮರದಲ್ಲಿ ನಮ್ಮ ನಮ್ಮ ಜಾಗದ ಮುಂದೆ ದುಂಡನೆಯ ಕಲೆಗಳಿವೆ. ನಿನ್ನದೂ ಇದೆ, ಸ್ವಲ್ಪ ಮಸುಕು.

ಅಪ್ಪ ಹೋದ ಮುಂದಿನ ವಾರ ಅಮ್ಮ ಅಪ್ಪನ ದೊಡ್ಡ ಬಟ್ಟಲನ್ನು ತುಂಬಿ ನಿನ್ನ ಮುಂದಿಟ್ಟದ್ದು ನನಗೆ ಕಣ್ಣಿಗೆ ಕಟ್ಟಿದ ಹಾಗಿದೆ. "ಇನ್ನು ಮೇಲೆ ಇದು ದೊಡ್ಡೋನಿಗೆ" ಎಂದಳು. ನೀನು ಅದನ್ನು ಎರಡೂ ಕೈಯಲ್ಲಿ ಹಿಡಿದು, ಕೆಳಗೆ ಅಂಗಡಿಗೆ ಇಳಿದು, ದೊಡ್ಡ ತಕ್ಕಡಿಯ ತಟ್ಟೆಯಲ್ಲಿ ಇಟ್ಟೆ. "ನನಗೆ ನನ್ನ ಸಾವು ಸಾಕು. ಅಪ್ಪಂದು ಬೇಡ." ಆಮೇಲೆ ಚೀಲ, ಆಮೇಲೆ ಬಾಗಿಲು. ಬಟ್ಟಲು ತಟ್ಟೆಯಲ್ಲಿ ಸಂಜೆಯವರೆಗೂ ಇತ್ತು, ಮೇಲೆ ಕೆನೆ ಕಟ್ಟಿತ್ತು. ಮಾರನೆಯ ದಿನ ಅದು ನನ್ನ ಮುಂದೆ ಬಂತು. ನಾನು ಬೋರಲು ಹಾಕಿದೆ. ಅಂದಿನಿಂದ ಅಪ್ಪನ ಬಟ್ಟಲಿನಲ್ಲೇ ಕುಡಿಯುತ್ತಿದ್ದೇನೆ. ಯಾಕೆ ಕುಡಿದೆ ಎಂದು ಕೇಳಬೇಡ. ಯಾಕೆ ಹೋದೆ ಎಂದು ನಾನೂ ಕೇಳಿಲ್ಲ.

ಸಂಶೋಧನಾಲಯದಿಂದ ಬಂದವನು ನೇರವಾಗಿ ಅಡುಗೆಮನೆಗೆ ಹೋದೆ. ಅಮ್ಮ ಪಾತ್ರೆಯ ಮೇಲಿನ ನೊರೆ ತೆಗೆಯುತ್ತಿದ್ದಳು. ಅವಳ ಬೆನ್ನಿಗೆ ಮಾತಾಡುವುದು ಸುಲಭ ಎನ್ನಿಸಿ ಹಾಗೆಯೇ ಶುರುಮಾಡಿದೆ. ರಕ್ತದಲ್ಲಿ ಒಂದು ಪದಾರ್ಥ ಸಿಕ್ಕಿದೆ, ಕರುಳಿನೊಳಗಿನ ಜೀವಿಗಳು ಮಾಡುವಂಥದ್ದು, ಬಟ್ಟಲಿನಿಂದ ಬರುತ್ತದಂತೆ ಎಂದೆ.

"ನಿನಗಿದ್ಯಾ?"

"ಇದೆ. ಬೇಕಾದಷ್ಟು."

"ಅವಳಿಗೆ?" ಎಂದರೆ ನನ್ನ ಹೆಂಡತಿಗೆ.

"ಅವಳಿಗೂ ಇದೆ."

"ದೊಡ್ಡೋನಿಗೆ?"

"ಅವನಿಗೆ ಇಲ್ಲ."

ಅಮ್ಮ ಸೌಟು ಕೆಳಗಿಟ್ಟು ತಿರುಗಿದಳು. ಆ ಮುಖವನ್ನು ನಿನಗೆ ಹೇಗೆ ತೋರಿಸಲಿ? ಅಪ್ಪ ಹೋದ ಮೇಲೆ ಅಷ್ಟು ಬೆಳಕು ಆ ಮುಖದಲ್ಲಿ ನಾನು ಕಂಡಿರಲಿಲ್ಲ. "ಇಳಿದಿದೆ," ಎಂದಳು. "ರಕ್ತಕ್ಕೆ ಇಳಿದಿದೆ. ನಂಗೊತ್ತಿತ್ತು ಕಣೋ. ಈಗ ಮಿಷಿನ್ನೇ ಹೇಳ್ತಲ್ಲ!" ಮರುಕ್ಷಣವೇ ಕೈ ಬಾಯಿಗೆ ಹೋಯಿತು. "ಅಯ್ಯೋ, ಹಂಗಾದ್ರೆ ಅವನು ಅಲ್ಲಿ ಬರಿಮೈಲಿ ನಿಂತಿದಾನಲ್ಲೋ."

ನಾನು ಬಾಯಿ ತೆರೆದೆ. ಹಾಗಲ್ಲಮ್ಮ ಎಂದೆ. ಅದು ಕಾಪಾಡುವುದಲ್ಲ, ಅದರ ತದ್ವಿರುದ್ಧವಿರಬಹುದು, ಡಾಕ್ಟರಮ್ಮನೇ ಹೇಳಿದ್ದು ಎಂದೆ.

"ಆ ಡಾಕ್ಟರಮ್ಮ ನಿನ್ನ ರಕ್ತ ನೋಡಿದ್ದು ಒಂದಿನ. ನಾನು ನೋಡ್ತಿರೋದು ನೀನು ಹುಟ್ಟಿದಾಗಿಂದ. ನೀನು ಬದುಕಿದೀಯೋ ಇಲ್ವೋ?"

"ಅಪ್ಪನೂ ಕುಡೀತಿದ್ನಲ್ಲಮ್ಮ."

ನಾನು ಆಡಬಾರದಿದ್ದ ಮಾತು ಅದು. ಅವಳಿಗೆ ಕೋಪ ಬರಲಿಲ್ಲ. ಬಹಳ ಹಿಂದೆಯೇ ಲೆಕ್ಕ ಹಾಕಿಟ್ಟುಕೊಂಡವರ ಹಾಗೆ, ಶಾಂತವಾಗಿ ಹೇಳಿದಳು: "ಕುಡೀತಿದ್ರು. ಕೊನೇಲಿ ಬೇಡ ಬೇಡ ಅಂತ ಅರ್ಧ ಬಿಡ್ತಿದ್ರು. ನಾನೂ ಪಾಪ ಅಂತ ಸುಮ್ಮನಾದೆ. ಆ ಅರ್ಧವೇ ಕೊಂದಿದ್ದು."

ಏನು ಹೇಳಬೇಕಿತ್ತು, ಹೇಳು. ಡಾಕ್ಟರಮ್ಮನ ಅಂಕಿಗಳು ಅಮ್ಮನ ಮಾತನ್ನು ಸುಳ್ಳು ಮಾಡುವುದಿಲ್ಲ. ಬಟ್ಟಲಿದ್ದವರಲ್ಲಿ ಇದೆ, ಇಲ್ಲದವನಲ್ಲಿ ಇಲ್ಲ. ಅದೇ ತೂಕವನ್ನು ಅಮ್ಮ ತನ್ನ ತಟ್ಟೆಗೆ ಹಾಕಿಕೊಂಡಿದ್ದಾಳೆ, ಅಷ್ಟೆ. ಇನ್ನೊಂದು ತಟ್ಟೆಗೆ ನಾನು ಹಾಕಬೇಕಾದದ್ದು ಒಂದೇ ವಾಕ್ಯ: ಅಪ್ಪನ ಜೀವ ತೆಗೆದದ್ದು ಬಿಟ್ಟ ಅರ್ಧವಲ್ಲ, ಬಹುಶಃ ಕುಡಿದ ಅರ್ಧ. ಆ 'ಬಹುಶಃ'ವನ್ನು ಹಿಡಿದುಕೊಂಡು, ಇಡೀ ಜೀವಮಾನ ಒಲೆಯ ಮುಂದೆ ನಿಂತವಳಿಗೆ, ನಿನ್ನ ಗಂಡನಿಗೆ ನೀನೇ ದಿನಾ ಬೆಳಿಗ್ಗೆ ಬಡಿಸಿದೆ ಎಂದು ಹೇಳುವ ಎದೆ ನನಗಿಲ್ಲ. ನನ್ನ ಎದೆ ಈಗ ಬೇರೆ ಕೆಲಸಕ್ಕೂ ಅಷ್ಟಾಗಿ ಬರುವುದಿಲ್ಲ. ಮಹಡಿಯ ಮೆಟ್ಟಿಲಲ್ಲಿ ನಡುವೆ ಒಮ್ಮೆ ನಿಲ್ಲುತ್ತೇನೆ. ಅಪ್ಪನೂ ಅಲ್ಲೇ ನಿಲ್ಲುತ್ತಿದ್ದ. ಗೋಡೆಯ ಬಣ್ಣ ಅವನ ಅಂಗೈಯಷ್ಟು ಸವೆದಿದೆ. ನನ್ನ ಕೈ ಅದರಲ್ಲಿ ಸರಿಯಾಗಿ ಕೂರುತ್ತದೆ.

ಅಂದಿನಿಂದ ಮನೆಯ ವಾಸನೆಯೇ ಬದಲಾಗಿದೆ. ಒಲೆ ಆರುವುದೇ ಇಲ್ಲ. ಬಟ್ಟಲಿಗೆ ಹಾಕುವ ಹಳದಿಗಳು ಹೆಚ್ಚಾದವು, ಯಾಕೆಂದರೆ ಇಳಿಯುತ್ತದೆ ಎಂದು ಈಗ ಖಾತ್ರಿಯಾಗಿದೆಯಲ್ಲ. ನನ್ನ ಹೆಂಡತಿ ಕಣ್ಣು ಮುಚ್ಚಿ ಕುಡಿದು ಬೋರಲು ಹಾಕಿ, "ನಿಮ್ಮನೆಗೆ ಬಂದ ಮೇಲೆ ನಾನು ತಿಂದ ಉಪ್ಪೆಲ್ಲ ಇದರೊಳಗೇ ಇದೆ" ಎನ್ನುತ್ತಾಳೆ. ಅವಳು ನಗುವುದು ಕಡಿಮೆಯಾಗಿದೆ. ನನ್ನ ಮಗಳ ಬಟ್ಟಲನ್ನು ನಾನು ಕುಡಿಯುತ್ತೇನೆ. ಅಮ್ಮ ಒಲೆಯ ಕಡೆ ತಿರುಗಿದಾಗ ಎರಡು ಗುಟುಕು, ಮತ್ತೆ ತಿರುಗಿದಾಗ ಎರಡು ಗುಟುಕು. ಮಗಳು ಖಾಲಿ ಬಟ್ಟಲು ಬೋರಲು ಹಾಕುತ್ತಾಳೆ, ಅಮ್ಮ ಅವಳ ತಲೆ ಸವರುತ್ತಾಳೆ. "ಅಪ್ಪಾ, ನನ್ನ ಬದಲು ನೀನೇ ಉದ್ದ ಆಗ್ತೀಯ ನೋಡು" ಎಂದು ಪಿಸುಗುಡುತ್ತಾಳೆ ಹುಡುಗಿ. ಅವಳಿಗೆ ಇದು ಆಟ. ಆಟವಾಗಿಯೇ ಇರಲಿ.

ಇನ್ನು ನಿನ್ನ ವಿಷಯ. ಅಮ್ಮ ಬಟ್ಟಲಿನ ಪಾಕವನ್ನು ಕಾಯಿಸಿ ಕಾಯಿಸಿ ಮೇಣದ ಹಾಗೆ ಮಾಡಿ ಗಾಜಿನ ಭರಣಿಗಳಿಗೆ ತುಂಬಿದ್ದಾಳೆ. ಬಿಸಿನೀರಿಗೆ ಒಂದು ಚಮಚ ಹಾಕಿ ಕದಡಿದರೆ ಸಾಕಂತೆ. ಭರಣಿಗಳು ಅಡುಗೆಮನೆಯ ಕಿಟಕಿಯ ಕಟ್ಟೆಯ ಮೇಲೆ ಕೂತಿವೆ. ಬಿಸಿಲು ಬಿದ್ದರೆ ಒಳಗೆ ಏನೋ ಕೆಂಪಗೆ ಹೊಳೆಯುತ್ತದೆ. "ಹುಟ್ಟಿದ ದಿನ ಒಂದು ದಾಟಿಸಿಬಿಟ್ರೆ ಆಯ್ತು. ಅವನು ಎಲ್ಲಿದಾನೆ ಹೇಳು" ಎಂದು ಊಟಕ್ಕೆ ಕೂತಾಗಲೆಲ್ಲ ಕೇಳುತ್ತಾಳೆ. ನನಗೆ ಗೊತ್ತಿಲ್ಲ ಎನ್ನುತ್ತೇನೆ. ನಂಬುವುದಿಲ್ಲ. ನೆನ್ನೆ ಅಂಗಡಿಗೆ ಇಳಿದು ಬಂದು, ಎಂದೂ ಇಲ್ಲದ್ದು, ಕಪಾಟುಗಳ ಧೂಳು ಒರೆಸಿದಳು. ಕಲ್ಲುಗಳ ಪೆಟ್ಟಿಗೆಯ ಹತ್ತಿರ ಬಂದಾಗ ನಾನೇ ಎದ್ದು ಅದನ್ನು ಎತ್ತಿಕೊಂಡೆ. ಇಬ್ಬರೂ ಒಬ್ಬರನ್ನೊಬ್ಬರು ನೋಡಿದೆವು. ಅವಳು ಬಟ್ಟೆ ಕೊಡವಿಕೊಂಡು ಮೇಲೆ ಹೋದಳು.

ಆದ್ದರಿಂದ ನೀನು ಮಾಡಬೇಕಾದದ್ದು ಇಷ್ಟು. ಅಮ್ಮನಿಗೆ ಒಂದು ಸಾಲು ಬರೆ, ವಿಳಾಸವಿಲ್ಲದೆ, ನನಗೆ ಬರೆಯುವ ಲಕೋಟೆಯೊಳಗೇ ಇಟ್ಟು ಕಳಿಸು. ನೀನೇ ಬಟ್ಟಲು ಮಾಡಿಕೊಂಡು ಕುಡಿಯುತ್ತಿದ್ದೀಯೆ ಎಂದು ಬರೆ. ಇಷ್ಟು ವರ್ಷ ಅವಳಿಗೆ ಸುಳ್ಳು ಹೇಳದೆ ದೂರ ಉಳಿದವನು ನೀನು. ಅದರ ಮೇಲೆ ನಿನಗೆ ಸ್ವಲ್ಪ ಜಂಬವೂ ಇರಬಹುದು. ಬಿಟ್ಟುಬಿಡು. ಅವಳ ಕೈ ನಿನ್ನ ಮನೆಯ ಒಲೆಯವರೆಗೆ, ನಿನ್ನ ಮಗಳ ತಟ್ಟೆಯವರೆಗೆ ಬರದಂತೆ ತಡೆಯಲು ಆ ಒಂದು ಸಾಲು ಬಿಟ್ಟರೆ ನನಗೆ ಬೇರೆ ಬಾಗಿಲು ಕಾಣುತ್ತಿಲ್ಲ.

ಕೆಳಗೆ ಯಾರೋ ಗಂಟೆ ಬಾರಿಸುತ್ತಿದ್ದಾರೆ, ಔಷಧದ ಅಂಗಡಿಯವನಿರಬೇಕು. ಇಷ್ಟಕ್ಕೇ ಮುಗಿಸುತ್ತೇನೆ, ನಾಳೆ ಬೆಳಿಗ್ಗೆ ಅಂಚೆಗೆ ಹಾಕುತ್ತೇನೆ. ಅತ್ತಿಗೆಗೆ, ನಾನು ನೋಡದ ಅತ್ತಿಗೆಗೆ, ನಮಸ್ಕಾರ ಹೇಳು. ನನ್ನ ಹೆಂಡತಿ ನಿನ್ನನ್ನು ಫೋಟೋದಲ್ಲಿ ನೋಡಿ, ನನ್ನ ಹಾಗೇ ಇದ್ದರೂ ಸ್ವಲ್ಪ ಧೈರ್ಯವಂತನ ಹಾಗೆ ಕಾಣುತ್ತೀಯೆ ಎಂದಿದ್ದಾಳೆ. ಮಗುವಿಗೆ ಚಿಕ್ಕಪ್ಪನ ಆಶೀರ್ವಾದ. ಅವಳು ಬೇಡವೆಂದದ್ದನ್ನೆಲ್ಲ ಬೇಡವೆನ್ನಲು ಬಿಡು.

ನಿನ್ನ ಹತ್ತು ನಿಮಿಷದ ತಮ್ಮ,
ಚಿಕ್ಕೋನು

ಮತ್ತೆ ಬರೆದದ್ದು, ೧೨ನೇ ತಾರೀಕು, ಬೆಳಿಗ್ಗೆ. ಅಂಚೆಗಲ್ಲ, ಕೊರಿಯರಿಗೆ ಕೊಡುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಕ್ಷಮಿಸು. ಅಮ್ಮ ಮನೆಯಲ್ಲಿಲ್ಲ. ಒಲೆ ಆರಿದೆ. ಕಿಟಕಿಯ ಕಟ್ಟೆಯ ಮೇಲೆ ಭರಣಿಗಳಿಲ್ಲ. ಬೆಳಗಾಗುವ ಮೊದಲೇ ಚೀಲ ಹಿಡಿದು ಹೊರಟವಳು, "ದೊಡ್ಡೋನ ಹತ್ರ ಹೋಗ್ತಿದೀನಿ, ಚಿಕ್ಕೋನನ್ನ ಎಬ್ಬಿಸ್ಬೇಡ" ಎಂದು ನನ್ನ ಹೆಂಡತಿಗೆ ಹೇಳಿದಳಂತೆ. ಇವಳು ನಿದ್ದೆಗಣ್ಣಿನಲ್ಲಿ ಹ್ಞೂಂ ಎಂದು ಮಗ್ಗಲು ಬದಲಿಸಿದಳು. ನೆನ್ನೆ ಗಿರಾಕಿ ಬಂದನೆಂದು ಇಳಿದು ಹೋದಾಗ ಈ ಕಾಗದವೂ ವಿಳಾಸ ಬರೆದ ಲಕೋಟೆಯೂ ಮೇಜಿನ ಮೇಲೇ ಇದ್ದವು. ವಾಪಸು ಬಂದಾಗ ಹಾಳೆಗಳ ಅಂಚು ಒಂದಕ್ಕೊಂದು ಸರಿಯಾಗಿ ಕೂತಿತ್ತು. ನಾನು ಅಷ್ಟು ನೇರವಾಗಿ ಜೋಡಿಸುವವನಲ್ಲ, ಆಗ ಹೊಳೆಯಲಿಲ್ಲ. ವಿಳಾಸ ಮಾತ್ರ ನೋಡಿಕೊಂಡಳು ಎಂದುಕೊಳ್ಳುವ ಹಾಗೂ ಇಲ್ಲ. ನನ್ನ ಮಗಳು ಚಿಕ್ಕವಳಿದ್ದಾಗ ಕುಡಿಯುತ್ತಿದ್ದ ಪುಟ್ಟ ಬಟ್ಟಲು, ಅಂಚು ಒಡೆದದ್ದು, ಗೂಡಿನಲ್ಲಿಲ್ಲ. ನಿನ್ನ ಮಗಳ ವಿಷಯ ಇರುವುದು ಈ ಕಾಗದದ ಮೊದಲ ಹಾಳೆಯಲ್ಲಿ. ಅದನ್ನು ಓದಿದ್ದಾಳೆ. ಅಪ್ಪನ ಅರ್ಧ ಬಟ್ಟಲಿನ ಹಾಳೆಯವರೆಗೆ ಓದಿದಳೋ, ಓದಿಯೂ ಹೊರಟಳೋ, ನನಗೆ ತಿಳಿಯದು. ಡಾಕ್ಟರಮ್ಮನಿಗೆ ಫೋನ್ ಮಾಡಿದೆ. ನಿನ್ನ ನಂಬರು ಕೊಡುವ ಹಾಗಿಲ್ಲವಂತೆ, ತಾವೇ ನಿನಗೆ ಫೋನ್ ಮಾಡಿ ನೋಡುತ್ತಾರಂತೆ. ಅಮ್ಮ ಹತ್ತುವುದು ಎಲ್ಲ ಕಡೆ ನಿಲ್ಲುವ ರೈಲನ್ನೇ, ನಿನಗೆ ಗೊತ್ತಲ್ಲ, ಅದು ನಿನ್ನ ಊರು ಮುಟ್ಟಲು ಎರಡು ದಿನ ಬೇಕು, ಆದ್ದರಿಂದ ಇದು ಅವಳಿಗಿಂತ ಮೊದಲು ನಿನ್ನ ಕೈಗೆ ಬರುತ್ತದೆ. ಹೋಗುವ ಮೊದಲು ಮೇಜಿನ ಮೇಲೆ ಮೂರು ಬಟ್ಟಲು ತುಂಬಿಸಿ ತಟ್ಟೆ ಮುಚ್ಚಿಟ್ಟಿದ್ದಳು. ಇನ್ನೂ ಬಿಸಿಯಿತ್ತು. ನೋಡುವವರು ಯಾರೂ ಇರಲಿಲ್ಲ. ಆದರೂ ನನ್ನದನ್ನೂ ಮಗಳದನ್ನೂ ಕುಡಿದೆ.

ಬಾಗಿಲು ತೆಗಿ, ಅಣ್ಣಾ. ಈ ವಯಸ್ಸಿನಲ್ಲಿ ಅವಳನ್ನು ಹೊರಗೆ ನಿಲ್ಲಿಸಬೇಡ. ಮಗುವಿನ ಮುಂದೆ ಆ ಪುಟ್ಟ ಬಟ್ಟಲು ಬಂದಾಗ, ಅಮ್ಮ ಒಲೆಯ ಕಡೆ ತಿರುಗುವವರೆಗೆ ಕಾದು, ನೀನು ಕುಡಿ. ಬೋರಲು ಹಾಕುವುದನ್ನು ಮರೆಯಬೇಡ.